ಕೋವಿಸಾಲಿನ ಕೊನೆಯಲ್ಲಿ

ಸಿಲಿಂಡರ್ ಹಂಝ ಅಂದರೇ ಗೊತ್ತು ನನ್ನನ್ನು
ಸಿದ್ದಾಪುರದಿಂದ ನಾಪೋಕ್ಲಿನವರೆಗೆ.
ಓಮ್ನಿಯ ಹಿಂದಿನ ಸೀಟು ಕಿತ್ತು
ಹಗ್ಗ ಬಿಗಿದು ನಿಲ್ಲಿಸಿದ್ದೇನೆ ಕೆಂಪು ಸಿಲಿಂಡರುಗಳನ್ನು.
ತಿರುವು ಬಂದಾಗಲೆಲ್ಲ ಭುಜಕ್ಕೆ ಭುಜ ತಾಗಿ
ಟಣ್ ಅನ್ನುತ್ತವೆ.

ಅಮ್ಮತ್ತಿಯ ಮರದ ಮಿಲ್ಲಿನಲ್ಲಿ
ಅದರ ಕೊರಳಿಗೆ ಒದ್ದೆ ಟವೆಲು.
ವಿರಾಜಪೇಟೆಯ ಕಲ್ಯಾಣಮಂಟಪದಲ್ಲಿ
ಗಾಳಿಗೆ ಬಾಗಿಲು ಬಡಿಯದಂತೆ ಅದೇ ಒತ್ತುಗಲ್ಲು.
ಒಬ್ಬ ಹೆಡ್‌ಮಾಸ್ಟರು ಕಳ್ಳರ ಭಯಕ್ಕೆ
ಬೀರುವಿನೊಳಗಿಟ್ಟು ಬೀಗ ಹಾಕಿ
ಬೀಗದ ಕೈ ಹುಡುಕುತ್ತ ಹುಡುಕುತ್ತ
ಎರಡು ಲೋಟ ಕಾಫಿ ಕುಡಿಸಿದರು ನನಗೆ.

ನಾನೇನೂ ಅನ್ನುವುದಿಲ್ಲ.
ಮುಳ್ಳು ಹಸಿರಿನಲ್ಲಿದೆಯೇ, ಪಿನ್ನಿಗೆ ತುಕ್ಕೇ,
ನಳಿಗೆಯ ಬಾಯಲ್ಲಿ ಕಡಜ ಮಣ್ಣಿನ ಮನೆ ಕಟ್ಟಿದೆಯೇ,
ನೋಡುತ್ತೇನೆ, ತೂಗುತ್ತೇನೆ,
ಚೀಟಿಯಲ್ಲಿ ತಾರೀಖು ಬರೆಯುತ್ತೇನೆ.
ಹೇಗೆ ಹಿಡಿಯಬೇಕೆಂದು ಹೇಳಿಕೊಡುತ್ತೇನೆ,
ತಲೆಯಾಡಿಸುತ್ತಾರೆ.
ಹನ್ನೊಂದು ವರ್ಷದಲ್ಲಿ ಬಳಸಿದವರೊಬ್ಬರನ್ನೂ
ಕಂಡವನಲ್ಲ.

ಆಗಸ್ಟಿನ ಕೊನೆಗೆ ಕಕ್ಕಬ್ಬೆಯಿಂದ ಫೋನು:
'ಖಾಲಿಯಾಗಿದೆ. ತುಂಬಿಸಿಕೊಡು.'

ಹೋಂಸ್ಟೇಯ ಅಡಿಗೆಮನೆಯಲ್ಲಿ ದೇಚವ್ವ
ಇನ್ನೂ ಗೋಡೆ ಒರೆಸುತ್ತಿದ್ದರು.
ತಿಳಿಹಳದಿ ಹುಡಿ ಏಲಕ್ಕಿ ಡಬ್ಬಿಯ ಸಂದಿಯಲ್ಲಿ,
ಕ್ಯಾಲೆಂಡರಿನ ದೇವರ ಹುಬ್ಬಿನಲ್ಲಿ.
'ಬಾಣಲೆಯ ಕೊಬ್ಬಿಗೆ ಹತ್ತಿತು' ಅಂದರು.
ಯಾವುದರ ಕೊಬ್ಬು ಎಂದು ಅವರು ಹೇಳಲಿಲ್ಲ,
ನಾನು ಕೇಳಲಿಲ್ಲ.
ಇಷ್ಟು ಮರ್ಯಾದೆ ನಮ್ಮೂರಿನಲ್ಲಿ ಇಬ್ಬರಿಗೂ ರೂಢಿ.

'ಅಟ್ಟದವರೆಗೆ ನಾಲಗೆ ಚಾಚಿತು.
ಸೊಸೆ ನೀರಿನ ಚೊಂಬು ಎತ್ತಿದಳು, ಕೈಗೇ ಹೊಡೆದೆ.
ಇದನ್ನು ಗೋಡೆಯಿಂದ ಇಳಿಸಿಕೊಂಡೆ,
ಪಿನ್ನು ಬರಲಿಲ್ಲ.
ಹಿಡಿಯನ್ನು ಅದುಮಿಕೊಂಡೇ ಎಳೆಯುತ್ತಿದ್ದೆ ನೋಡು, ದಡ್ಡಿ.
ಕೈ ಸಡಿಲಿಸಿದೆ, ಬಂತು.
ಉರಿಯ ತಲೆಗೆ ಹೊಡೆದೆ ಮೊದಲು.
ಬಾಗಿತು, ನಕ್ಕಿತು, ಮತ್ತೆ ಎದ್ದಿತು.
ಆಗ ಅಪ್ಪ ಬೈದದ್ದು ನೆನಪಾಯಿತು,
ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹಿಡಿದಾಗ:
ಅಲ್ಲಾಡುವ ಎಲೆ ನೋಡಬೇಡ ಹೆಣ್ಣೇ, ಕಾಯಿ ನೋಡು.
ಎರಡು ಹೆಜ್ಜೆ ಹಿಂದೆ ಸರಿದೆ.
ಬುಡಕ್ಕೆ ಹಿಡಿದೆ.
ಅಂಗಳ ಗುಡಿಸಿದ ಹಾಗೆ, ಆ ಕಡೆಗೊಮ್ಮೆ, ಈ ಕಡೆಗೊಮ್ಮೆ.
ಹದಿನೈದು ಎಣಿಸುವಷ್ಟರಲ್ಲಿ
ಅದಕ್ಕೂ ಉಸಿರಿಲ್ಲ, ನನಗೂ ಇಲ್ಲ.
ನೀನು ಹೇಳಿದ್ದರಲ್ಲಿ ಒಂದೂ ನೆನಪಿರಲಿಲ್ಲ ಹಂಝ.
ಬೆನ್ನು ಬಾಗಿಲ ಕಡೆಗೆ ಇರಬೇಕೆಂಬುದು ಮಾತ್ರ
ಕಾಲಿಗೆ ನೆನಪಿತ್ತು.'

'ಅತಿಥಿಗಳು?'
'ಬೇಯಿಸಿದ ಮೊಟ್ಟೆ ತಿಂದು ಮಲಗಿದರು.
ಚೆನ್ನಾಗಿತ್ತೆಂದು ಬರೆದು ಹೋದರು.'

ತುಂಬಿಸಿ ತಂದ ದಿನ ಕೈಲ್‌ಪೊಳ್ದ್.
ನಡುಮನೆಯ ದೀಪದ ಮುಂದೆ ಕೋವಿಗಳ ಸಾಲು,
ಒಂದೊಂದರ ಬಾಯಲ್ಲೂ ತೋಕ್‌ಪೂ.
ದೇಚವ್ವ ನನ್ನ ಕೈಯಿಂದ ಸಿಲಿಂಡರು ತೆಗೆದುಕೊಂಡು
ಸಾಲಿನ ಕೊನೆಗೆ ನಿಲ್ಲಿಸಿದರು,
ಗಿಡ್ಡ, ದಪ್ಪ, ಕೆಂಪು,
ಮದುವೆಯ ಫೋಟೋಗೆ ಓಡಿಬಂದು ನಿಂತ ನೆಂಟನ ಹಾಗೆ.
ಮೊಮ್ಮಗ ಕಿಸಕ್ಕನೆ ನಕ್ಕ.
'ನಗಬೇಡ ಮೊಣ್ಣಪ್ಪ,
ಈ ಸಾಲಿನಲ್ಲಿ ನಾನು ನಿಜಕ್ಕೂ ಹೊಡೆದದ್ದು ಇದೊಂದನ್ನೇ.'

ಉಳಿದಿದ್ದ ಒಂದು ಹೂವನ್ನು
ಪಿನ್ನಿನ ಉಂಗುರಕ್ಕೆ ಸಿಕ್ಕಿಸಿದರು.
ಅಂಚು ಹಳದಿ, ನಡು ಕೆಂಪು,
ಮೇಲಕ್ಕೆ ತಿರುಚಿ ಉರಿಯುವ ಆರು ಎಸಳು.
ಶಾಲೆಯಲ್ಲಿ ಮೇಷ್ಟ್ರು ಅದಕ್ಕೆ ಹೇಳಿಕೊಟ್ಟಿದ್ದ ಹೆಸರು
ಅಗ್ನಿಶಿಖೆ.

ಪಿನ್ನಿಗೆ ಏನನ್ನೂ ಸಿಕ್ಕಿಸಬಾರದು, ಅದು ನಿಯಮ.
ಎಲ್ಲರೂ ಊಟಕ್ಕೆ ಏಳುವವರೆಗೆ ಕಾದು
ಹೂವನ್ನು ಉಂಗುರದಿಂದ ಬಿಡಿಸಿ
ಹಿಡಿಯ ಹಿಂದೆ, ಕೈಗೆ ತಡೆಯಾಗದಲ್ಲಿ, ಇಟ್ಟೆ.
ಚೀಟಿಯಲ್ಲಿ ಬಳಸಿದವರ ಹೆಸರಿಗೆ ಜಾಗವಿಲ್ಲ.
ತಾರೀಖಿನ ಪಕ್ಕದಲ್ಲೇ ಬರೆದೆ, ಅಕ್ಷರ ಒತ್ತಿ ಒತ್ತಿ.

ಹೊರಗೆ ಮೊದಲ ಈಡು ಕೇಳಿತು.
ಕಾಯಿ ಒಡೆಯಿತೋ ಇಲ್ಲವೋ ನೋಡಲಿಲ್ಲ,
ಕತ್ತಲಾಗುವ ಮೊದಲು
ಭಾಗಮಂಡಲದಲ್ಲಿ ಇನ್ನೂ ನಾಲ್ಕು ತೂಗುವುದಿತ್ತು.